ಗುರುವಾರದ ಆ ಅರ್ಧ ಗಂಟೆ

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಕ್ಕಳನ್ನು ನೋಡಿಕೊಳ್ಳುವ ನರ್ಸ್‌ಗಳಿಗೆ ಮಾನಸಿಕ ಆರೋಗ್ಯದ ತರಬೇತಿ ಬೇಕು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇಂಜೆಕ್ಷನ್ ಹಾಕೋಕೇ ಜನ ಸಾಲದು. ಡಾಕ್ಟರ ಕೆಲಸವನ್ನೂ ಅವರ ತಲೆಗೆ ಕಟ್ಟಬೇಕೇ? ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಕಲಿಯೋದಾದರೂ ಎಲ್ಲಿ?"

ಜನ ಸಾಲದು ಅನ್ನೋದರಲ್ಲಿ ತಕರಾರಿಲ್ಲ. ಆದರೆ ನರ್ಸ್ ರೋಗಕ್ಕೆ ಹೆಸರಿಡಬೇಕಿಲ್ಲ. ಅನುಮಾನ ಬರುವಷ್ಟು ಗೊತ್ತಿದ್ದರೆ ಸಾಕು.

ಲಸಿಕೆ ಹಾಕುವ ದಿನ, ಗುರುವಾರ, ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿ. ಒಂದೂವರೆ ವರ್ಷದ ಮಗು ಡಿಪಿಟಿ ಬೂಸ್ಟರ್‌ಗೆ, ದಡಾರ-ರುಬೆಲ್ಲಾ ಎರಡನೇ ಡೋಸಿಗೆ ಬಂದಿರುತ್ತದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಅಳು ನಿಂತ ಮೇಲೆ ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದಾ? ಹೊರಗೆ ನಾಯಿ ಓಡಿದರೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತದಾ? ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯೋಕೆ, ಸಂವಹನಕ್ಕೆ ಕಷ್ಟವಾಗುವ ಬೆಳವಣಿಗೆಯ ತೊಂದರೆ; ಅದರ ಅನುಮಾನ ಇಂಥ ಸಣ್ಣ ಸಂಗತಿಗಳಿಂದಲೇ ಶುರುವಾಗೋದು. 16ರಿಂದ 30 ತಿಂಗಳ ಮಕ್ಕಳಿಗೆಂದೇ ಎಂ-ಚಾಟ್ ಅನ್ನೋ 20 ಪ್ರಶ್ನೆಗಳ ಪಟ್ಟಿ ಇದೆ. ತಾಯಿ ಕಾರ್ಡಿನಲ್ಲೂ ಬೆಳವಣಿಗೆಯ ಹಂತಗಳಿವೆ. ಲಸಿಕೆಯ ಪುಟ ಬಿಟ್ಟು ಆ ಪುಟ ತೆರೆಯುವವರು ಕಡಿಮೆ, ಅಲ್ವಾ?

ಕೊಡಗಿನಲ್ಲಿ ಒಂದು ಎಚ್ಚರ ಜಾಸ್ತಿ ಬೇಕು. ತೋಟದ ಲೈನ್‌ಮನೆಯ ಮಗು ಯರವ ಭಾಷೆಯನ್ನೋ ಜೇನುಕುರುಬರ ನುಡಿಯನ್ನೋ ಅಸ್ಸಾಮಿಯನ್ನೋ ಕೇಳಿ ಬೆಳೆದಿರುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ನೆ ನಿಂತರೆ 'ಮಾತು ತಡ' ಅಂತ ಬರೆದುಬಿಡಬಾರದು. ಮನೇಲಿ ಹೇಗೆ ಮಾತಾಡುತ್ತೆ ಅಂತ ಅಮ್ಮನನ್ನು ಕೇಳಬೇಕು. ಹಾಗಂತ 'ಮೂರು ಭಾಷೆ ಕಿವಿಗೆ ಬಿದ್ದು ಗೊಂದಲ ಆಗಿದೆ, ತಾನೇ ಸರಿಹೋಗುತ್ತೆ' ಅಂತ ಕಳಿಸಿಬಿಡೋದೂ ತಪ್ಪು. ಎರಡು ವರ್ಷ ತುಂಬಿದರೂ ಯಾವ ಭಾಷೆಯಲ್ಲೂ ಎರಡು ಪದ ಕೂಡಿಸದಿದ್ದರೆ ಮೊದಲು ಕಿವಿ ಪರೀಕ್ಷೆ ಆಗಲಿ.

ದೊಡ್ಡ ಮಕ್ಕಳದು ಬೇರೆ ಕತೆ. ಮನಸ್ಸಿಗೆ ಬೇಜಾರು ಅಂತ ಯಾವ ಮಗು ಹೇಳುತ್ತೆ? ಹೊಟ್ಟೆನೋವು ಅನ್ನುತ್ತೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಅಂಥದ್ದನ್ನು ಕಂಡ ಮಕ್ಕಳು ಹಾಸಿಗೆ ಒದ್ದೆ ಮಾಡಬಹುದು, ನಿದ್ದೆಯಲ್ಲಿ ಬೆಚ್ಚಬಹುದು, ಮಳೆ ಜೋರಾದರೆ ಅಮ್ಮನ ಸೆರಗು ಬಿಡದೇ ಇರಬಹುದು. ಸ್ಕ್ಯಾನಿಂಗ್‌ನಲ್ಲಿ ಇದು ಕಾಣಲ್ಲ. ರಾತ್ರಿ ಪಾಳಿಯ ನರ್ಸ್‌ಗೆ ಕಾಣುತ್ತೆ.

ಇದೇನು ಹೊಸ ಯೋಚನೆಯಲ್ಲ. ಅಮೆರಿಕದ ಕೊಲರಾಡೊದಲ್ಲಿ ಮಕ್ಕಳ ನರ್ಸ್‌ಗಳಿಗೆ ಇಂಥ ಹೆಚ್ಚಿನ ಹೊಣೆಯ ತರಬೇತಿ ಶುರುವಾಗಿದ್ದು 1965ರಲ್ಲಿ. ನಮ್ಮಲ್ಲೂ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅಂಗನವಾಡಿಗೆ, ಶಾಲೆಗೆ ಹೋಗುವ ಅದರ ತಂಡದಲ್ಲಿ ಡಾಕ್ಟರ ಜೊತೆ ನರ್ಸ್‌ಗೂ ಜಾಗ ಇದೆ. ಬೆಳವಣಿಗೆ ತಡವಾಗಿದೆಯಾ ಅಂತ ನೋಡೋದೂ ಅವರ ಕೆಲಸವೇ.

ನನಗೆ ಸಿಟ್ಟಿರೋದು ಒಂದು ದಿನದ ಕಾರ್ಯಾಗಾರಗಳ ಮೇಲೆ. ಬೆಳಿಗ್ಗೆ ಸ್ಲೈಡು, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು, ಗ್ರೂಪ್ ಫೋಟೋ. ಆಮೇಲೆ ಅನುಮಾನ ಬಂದಾಗ ಫೋನ್ ಮಾಡಿ ಕೇಳೋಕೆ ಯಾರೂ ಇರಲ್ಲ. ವಾರ್ಡಿನಲ್ಲೇ, ನಿಜವಾದ ಮಗುವಿನ ಎದುರೇ ಕಲಿಸಬೇಕು. ತಿಂಗಳಿಗೊಮ್ಮೆ ತಜ್ಞರ ಜೊತೆ ಕೂತು ಕೇಸು ಚರ್ಚಿಸಬೇಕು.

ನಿಮ್ಮ ಮಗಳ ವಿಷಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋರೋಗ ನರ್ಸಿಂಗ್‌ನ ಡಿಪ್ಲೊಮಾ ಇದೆ, ಎಂ.ಎಸ್ಸಿ.ಯೂ ಇದೆ. ಪ್ರವೇಶ ಪರೀಕ್ಷೆಯ ಪ್ರಕಟಣೆ ಅವರ ವೆಬ್‌ಸೈಟ್‌ನಲ್ಲೇ ಬರುತ್ತೆ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮನಸ್‌ನ ಉಚಿತ ಸಹಾಯವಾಣಿ 14416 ಅನ್ನು ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಲಿ. ಅರ್ಜಿ ಹಾಕುವ ಮೊದಲು ಮಕ್ಕಳ ವಾರ್ಡಿನಲ್ಲಿ ಒಂದು ವರ್ಷ ಕೆಲಸ ಮಾಡೋದು ಒಳ್ಳೆಯದು. ಈ ಕೆಲಸ ತನಗೆ ಒಗ್ಗುತ್ತಾ ಅಂತ ಅಷ್ಟರಲ್ಲಿ ಅವಳಿಗೇ ಗೊತ್ತಾಗುತ್ತೆ.