ಪ್ರಭಾವಿ ನಾಯಕರೊಬ್ಬರು ಪದೇ ಪದೇ ಕನಸಿನಲ್ಲಿ ಬಂದು ಮಾತಾಡುತ್ತಾರೆ. ಏನರ್ಥ? ಅವರ ಪಕ್ಷ ಸೇರಲಾ?

ನಿಮಗೆ ರಾಜಕಾರಣಿ, ನನಗೆ ಒಬ್ಬ ಭಾಷಣಕಾರ. ಮಿಕ್ಕಿದ್ದೆಲ್ಲಾ ಅದೇ ಕಥೆ.

ಆಗ ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೆ. ವ್ಯಾಪಾರ ಡಲ್. ಸ್ನೇಹಿತನೊಬ್ಬ ಚೈನ್ ಮಾರ್ಕೆಟಿಂಗ್ ಮೀಟಿಂಗ್‌ಗೆ ಎಳೆದುಕೊಂಡು ಹೋದ. ಸ್ಟೇಜ್ ಮೇಲಿದ್ದವರನ್ನು ಎಲ್ಲರೂ ‘ಸರ್’ ಅಂತಷ್ಟೇ ಕರೆಯುತ್ತಿದ್ದರು. ಮಾತು ಅಂದರೆ ಮಾತು! ಅವತ್ತಿಂದ ಅವರ ವಿಡಿಯೋ ನೋಡುವುದು ಚಟವಾಯಿತು. ಹಾಸಿಗೆ ಮೇಲೆ, ಇಯರ್‌ಫೋನ್ ಸಿಕ್ಕಿಸಿಕೊಂಡು, ನಿದ್ದೆ ಹತ್ತುವವರೆಗೂ.

ಕನಸಿಗೆ ಬರದೇ ಇರುತ್ತಾರಾ? ಬಂದರು. ನಮ್ಮ ಅಡುಗೆಮನೆಯಲ್ಲಿ, ಅಜ್ಜಿಯ ಮಣೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಕಾಲರ್‌ಗೆ ಆ ಪುಟ್ಟ ಮೈಕ್ ಹಾಗೇ ಇತ್ತು. “ಹೆದರಬೇಡ, ನಿನ್ನ ಟೈಮ್ ಬಂತು” ಅಂತ ಭುಜ ತಟ್ಟಿದರು. ಎಚ್ಚರವಾದಾಗ ಇನ್ನೂ ಕತ್ತಲು. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ಅಮ್ಮ ಹೇಳುತ್ತಿದ್ದಳಲ್ಲ, ಮುಗೀತು.

ನಾನು ಕೆಟ್ಟಿದ್ದು ಎಲ್ಲಿ ಅಂತ ಸರಿಯಾಗಿ ಕೇಳಿಸಿಕೊಳ್ಳಿ. ಕನಸನ್ನು ನಂಬಿದ್ದರಿಂದಲ್ಲ. ಅದನ್ನು ಹೋಗಿ ಅವರಿಗೇ ಹೇಳಿದ್ದರಿಂದ. ಮುಂದಿನ ಮೀಟಿಂಗ್ ಮುಗಿದ ಮೇಲೆ ಸೆಲ್ಫಿ ಸಾಲಿನಲ್ಲಿ ನಿಂತು ಮಣೆ, ಮಂಡಕ್ಕಿ ಒಂದೂ ಬಿಡದೆ ಒಪ್ಪಿಸಿದೆ. ಅಲ್ಲಿವರೆಗೆ ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಈಗ ಹೆಗಲ ಮೇಲೆ ಕೈ ಹಾಕಿದರು. ಅಜ್ಜಿ ಇದ್ದಾರಾ ಅಂತ ಕೇಳಿದರು. ತೀರಿಕೊಂಡರು ಅಂದೆ. “ಹಾಗಾದರೆ ಅವರೇ ನನ್ನನ್ನು ಕಳಿಸಿದ್ದು” ಅಂದುಬಿಟ್ಟರು. ನನಗೆ ಅನುಮಾನ ಇರಲಿಲ್ಲ ಅಂತಲ್ಲ. ನನ್ನ ಕೆಳಗೆ ಯಾರನ್ನು ಸೇರಿಸಲಿ, ಅವರು ಯಾರನ್ನು ಸೇರಿಸುತ್ತಾರೆ, ಅವರು ಮಾರಲು ಕೊಡುವ ಪೌಡರ್ ಡಬ್ಬಿ ಕೊಳ್ಳುವವರು ಯಾರು, ಎಲ್ಲಾ ಕೇಳಬೇಕು ಅಂತಲೇ ಹೋಗಿದ್ದೆ. ಅಜ್ಜಿ ನಡುವೆ ಬಂದ ಮೇಲೆ ಕೇಳಲು ಬಾಯೇ ಬರಲಿಲ್ಲ. ಸರ್ ಹತ್ತಿರ ಲೆಕ್ಕ ಕೇಳಬಹುದು, ಅಜ್ಜಿ ಹತ್ತಿರ ಕೇಳೋದು ಹೇಗೆ? ಹೆಂಡತಿಯ ಬಳೆ ಅಡ ಇಟ್ಟು ಒಂದೂವರೆ ಲಕ್ಷ ಕಟ್ಟಿದೆ. ಡಬ್ಬಿಗಳು ಮನೆಗೆ ಬಂದವು. ಸರ್ ಫೋನ್ ಎತ್ತುವುದು ನಿಲ್ಲಿಸಿದರು. ಬಳೆ ಹರಾಜಾಯಿತು.

ಆಮೇಲೆ ನಮ್ಮ ಬೀದಿಯ ಆಯುರ್ವೇದ ಡಾಕ್ಟರೊಬ್ಬರು ಚರಕ ಸಂಹಿತೆ ತೆಗೆದು ತೋರಿಸಿದರು. ಅದರಲ್ಲಿ ಕನಸು 7 ಬಗೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಇವು ಮೊದಲ 5. ಇವಕ್ಕೆ ಫಲವೇ ಇಲ್ಲ ಅಂತ ಚರಕ ಖಡಾಖಂಡಿತ ಹೇಳಿದ್ದಾನೆ. ಮುಂದಾಗುವುದನ್ನು ಸೂಚಿಸುವುದು, ವಾತ ಪಿತ್ತ ಕೆಟ್ಟು ಬೀಳುವುದು ಉಳಿದೆರಡು. ನನ್ನ ಕನಸಿನ ಕಾಲರ್ ಮೈಕ್ ಯಾವುದಕ್ಕೆ ಸೇರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಜಾವದ ಕನಸಿನ ಗುಟ್ಟೂ ಇಷ್ಟೇ. ಕಣ್ಣುಗುಡ್ಡೆ ಸರಸರ ಓಡಾಡುವ ಒಂದು ಬಗೆಯ ನಿದ್ದೆ ಇದೆ, 1953ರಲ್ಲಿ ಅದರ ಬಗ್ಗೆ ಮೊದಲು ಬರೆದವರು ಚಿಕಾಗೋದ ಸಂಶೋಧಕರು. ಕಣ್ಣಿಗೆ ಕಟ್ಟಿದಂಥ ಕನಸು ಜಾಸ್ತಿ ಬೀಳುವುದು ಅದರಲ್ಲೇ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಅದು ಬೆಳಗಾಗುತ್ತಾ ಉದ್ದವಾಗುತ್ತೆ. ಅದೇ ಹೊತ್ತಿಗೆ ಎಚ್ಚರವೂ ಆಗುತ್ತೆ. ಹಾಗಾಗಿ ನೆನಪಲ್ಲಿ ಉಳಿಯುವುದು ಜಾವದ್ದೇ.

ಕನಸಿನ ರಾಜ ರಾಣಿಯರು ಹೆಚ್ಚಾಗಿ ನಮ್ಮ ಅಪ್ಪ ಅಮ್ಮನೇ ಅಂತ ಮನಸ್ಸಿನ ಡಾಕ್ಟರ್ ಫ್ರಾಯ್ಡ್ ಹೇಳುತ್ತಾನೆ. ನನಗೇನೋ ಒಪ್ಪಿಗೆ ಇಲ್ಲ. ನಮ್ಮಪ್ಪ ಸರ್ ಥರ ಮಾತಾಡಿದ್ದರೆ ನಾನು ಸ್ಟೇಜ್ ಹುಡುಕಿಕೊಂಡು ಯಾಕೆ ಹೋಗುತ್ತಿದ್ದೆ?

ಅದಕ್ಕೇ ಹೇಳೋದು, ‘ಏನರ್ಥ’ ಅನ್ನೋ ಪ್ರಶ್ನೆಯನ್ನೇ ಬಿಡಿ. ಅವರು ಏನು ಹೇಳಿದರು ಅನ್ನೋದೂ ಬೇಡ. ಕನಸಿನಲ್ಲಿ ನೀವೇನು ಮಾಡುತ್ತಿದ್ದಿರಿ ನೋಡಿ. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ, ಎದ್ದ ಮೇಲೂ ಅದನ್ನೇ ಮಾಡಿದೆ. ಮಲಗುವ ಮುಂಚೆ ಅವರ ಭಾಷಣ ನೋಡುವ ಅಭ್ಯಾಸ ಇದ್ದರೆ ಸ್ವಲ್ಪ ದಿನ ನಿಲ್ಲಿಸಿ. ಪಕ್ಷ ಸೇರೋದು ಬಿಡೋದು ನಿಮ್ಮಿಷ್ಟ, ಅವರು ನಿಮ್ಮೂರಿಗೆ ಏನು ಮಾಡಿದ್ದಾರೆ ನೋಡಿ ತೀರ್ಮಾನ ಮಾಡಿ. ಸೇರಿದರೂ ಈ ಕನಸಿನ ಸುದ್ದಿ ಮಾತ್ರ ಅವರ ಪಿ.ಎ. ಕಿವಿಗೂ ಬೀಳಬಾರದು.