ನದಿ ದಂಡೆಯ ಗಡಿ ಊರಿನ ಇತಿಹಾಸವನ್ನು ಎಲ್ಲಿಂದ ಆರಂಭಿಸಬೇಕು?

ಹಿರಿಯರ ಮಾತಿನಿಂದ ಆರಂಭಿಸಲೇ, ಜಿಲ್ಲೆಯ ಬಗ್ಗೆ ಸರ್ಕಾರ ಹೊರತಂದ ಮಾಹಿತಿ ಗ್ರಂಥವಾದ ಗೆಜೆಟಿಯರ್‌ನಿಂದಲೇ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಹರಿಹರದ ಬಗ್ಗೆ ಕಿರುಪುಸ್ತಕ ಬರೆಯಹೊರಟ ನಾನೂ ಹೀಗೆಯೇ ಯೋಚಿಸಿದ್ದೆ. ಎರಡೂ ಬೇಡ.

ದಾವಣಗೆರೆಯಲ್ಲಿ ಶಾಸನ ಸಂಪುಟಗಳನ್ನು ತೆರೆದು ‘ಹರಿಹರ ತಾಲ್ಲೂಕು’ ಎಂಬ ಶೀರ್ಷಿಕೆಯನ್ನು ಹುಡುಕಿದೆ, ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ, ಏಕೆಂದರೆ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಮಾಲೆಯ 11ನೆಯ ಸಂಪುಟವನ್ನು ಹೊರತಂದ ಕಾಲಕ್ಕೆ ಹರಿಹರವು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ನಮ್ಮೂರಿನ ಶಾಸನಗಳು ಅದೇ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಪುಟಗಳಲ್ಲಿ ಇದ್ದವು. ಹಳೆಯ ಪುಸ್ತಕದಲ್ಲಿ ಇಂದಿನ ತಾಲ್ಲೂಕನ್ನು ಹುಡುಕಿದ್ದೇ ನನ್ನ ತಪ್ಪು. ಶಾಸನಗಳು ಅಚ್ಚಾಗಿಲ್ಲವೆಂದು ತೀರ್ಮಾನಿಸಿ, ಬಾಯಿಮಾತನ್ನು ನಂಬಿ, ವಿಜಯನಗರದ ದೊರೆ ಹರಿಹರನಿಂದ ಊರಿಗೆ ಈ ಹೆಸರು ಬಂತೆಂದು ಬರೆದು, ಕೈಯಿಂದ ಹಣ ಹಾಕಿ 500 ಪ್ರತಿಗಳನ್ನು ಅಚ್ಚು ಮಾಡಿಸಿದೆ.

ಪುಸ್ತಕ ಓದಿದ ನಿವೃತ್ತ ಮೇಷ್ಟ್ರೊಬ್ಬರು ನನ್ನನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಕರೆದೊಯ್ದು, ನಾನು ಚಿಕ್ಕಂದಿನಿಂದ ಒರಗಿ ಕೂರುತ್ತಿದ್ದ ಶಾಸನದ ಕಲ್ಲನ್ನು ತೋರಿಸಿ, ‘ಇದನ್ನ ಓದೀಯೇನಪ್ಪಾ?’ ಎಂದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಈ ದೇವಾಲಯವನ್ನು ಕಟ್ಟಿಸಿದ್ದು 1224ರಲ್ಲಿ. ಸೋಮನಾಥಪುರವನ್ನು ಕಟ್ಟಿಸಿದ ಸೋಮ ದಂಡನಾಯಕನೇ 1268ರಲ್ಲಿ ಇಲ್ಲಿ ಐದು ನೆಲೆಯ ಮಹಾದ್ವಾರವನ್ನು ಸೇರಿಸಿದನು. ವಿಜಯನಗರದ ಸ್ಥಾಪನೆಯಾದದ್ದು 1336ರಲ್ಲಿ. ಮೇಷ್ಟ್ರು ಮತ್ತೇನೂ ಅನ್ನಲಿಲ್ಲ, ಆದರೆ ಆ ಪುಸ್ತಕವನ್ನು ಶಾಲೆಗಳಿಗೆ ಹಂಚುವ ಮಾತೂ ಅಲ್ಲಿಗೇ ನಿಂತಿತು.

ಆದುದರಿಂದ ನಿಮ್ಮ ಊರು ಯಾವ ಕಾಲದಲ್ಲಿ ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾರ ಆಳ್ವಿಕೆಯಲ್ಲಿತ್ತು ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆದಿಟ್ಟುಕೊಳ್ಳಿ. ಹಳೆಯ ಹೆಸರನ್ನೂ ಹುಡುಕಿ. ಹರಿದ್ರಾ ಹೊಳೆಯು ತುಂಗಭದ್ರೆಯನ್ನು ಕೂಡುವ ನಮ್ಮ ಊರು ಶಾಸನಗಳಲ್ಲಿ ಕೂಡಲೂರು.

ನಿಮ್ಮದು ‘ರಾಜ್ಯದ ಕೊನೆಯ ಊರು’, ಬರೆಯಲು ಹೆಚ್ಚೇನೂ ಇಲ್ಲ ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹರಿಹರವೂ ಒಂದು ಕಾಲಕ್ಕೆ ಮೈಸೂರಿನ ಕೊನೆಯ ಊರೇ. 1763ರಲ್ಲಿ ಹೈದರಾಲಿಯ ಕೈಸೇರಿದ ಮೇಲೂ ಮರಾಠರು ಅದನ್ನು ಮತ್ತೆ ಮತ್ತೆ ಹಿಡಿದರು. 1865ರವರೆಗೆ ಊರಿನ ಹತ್ತಿರವೇ ಸೇನೆಯ ದಂಡು ಬೀಡುಬಿಟ್ಟಿತ್ತು. 1868ರಲ್ಲಿ ಮುಗಿದ ಸೇತುವೆಯ ಈಚೆಯ ತುದಿ ಮೈಸೂರು, ಆಚೆಯದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1956ರ ಏಕೀಕರಣದವರೆಗೂ ಹಾಗೆಯೇ. ಹೀಗಾಗಿ ನಾನು ಮೈಸೂರಿನ ಗೆಜೆಟಿಯರ್‌ನಷ್ಟೇ ಗಮನವಿಟ್ಟು 1884ರ ಧಾರವಾಡ ಗೆಜೆಟಿಯರ್ ಅನ್ನೂ ಓದಬೇಕಾಗಿತ್ತು. ನೀವೂ ಹೊಳೆಯಾಚೆಯ ಕಡತಗಳನ್ನು ಮೊದಲು ನೋಡಿ, ಅಗತ್ಯವಿದ್ದರೆ ಹಳೆಯ ಮರಾಠಿ ಕಡತಗಳ ಮೋಡಿ ಲಿಪಿ ಬಲ್ಲವರನ್ನು ಹುಡುಕಿ. ಹಿರಿಯರ ಬಳಿಗೆ ಆಮೇಲೆ ಹೋಗಿ, ಆಗ ಅವರನ್ನು ಏನು ಕೇಳಬೇಕೆಂಬುದು ನಿಮಗೆ ಗೊತ್ತಿರುತ್ತದೆ.

ನನ್ನ 500ರಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರತಿಗಳು ಇನ್ನೂ ಅಟ್ಟದ ಮೇಲಿವೆ. ಯಾರಾದರೂ ಕೇಳಿದರೆ ಎಂಟನೆಯ ಪುಟವನ್ನು ಪೆನ್ನಿನಿಂದ ತಿದ್ದಿ ಕೊಡುತ್ತೇನೆ.