ಹನ್ನೊಂದು ತಿಂಗಳಿಗೆ ನೋಟರಿ ಸಾಕೇ? ಹೆವಿ ಡಿಪಾಸಿಟ್ ಲಾಭವೇ?

ಪ್ರಶ್ನೆ: ಉಡುಪಿಯಿಂದ ಕೆಲಸಕ್ಕೆಂದು ಮುಂಬೈಗೆ ಬಂದಿದ್ದೇವೆ. ಮುಲುಂಡ್‌ನಲ್ಲಿ ಒಂದು ಬಿಎಚ್‌ಕೆ ಒಪ್ಪಿಗೆಯಾಗಿದೆ. ತಿಂಗಳಿಗೆ 28,000 ಬಾಡಿಗೆ, 1 ಲಕ್ಷ ಡಿಪಾಸಿಟ್. ಅದು ಬೇಡವೆಂದರೆ 20 ಲಕ್ಷ ‘ಹೆವಿ ಡಿಪಾಸಿಟ್’ ಕೊಟ್ಟು ಬಾಡಿಗೆಯಿಲ್ಲದೆ ಇರಬಹುದಂತೆ. ಹನ್ನೊಂದೇ ತಿಂಗಳಾದ್ದರಿಂದ ನೋಟರಿ ಸಾಕು ಎನ್ನುತ್ತಾರೆ ಏಜೆಂಟರು. ಏನು ಮಾಡಲಿ?

ಉತ್ತರ: ನೋಟರಿ ಸಾಲದು. ಒಂದು ವರ್ಷ ಮೀರದ ಕರಾರಿಗೆ ನೋಂದಣಿ ಬೇಡ ಎಂಬುದು ನಮ್ಮೂರ ಕಡೆ ಎಲ್ಲರಿಗೂ ರೂಢಿಯಾದ ಲೆಕ್ಕ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಆ್ಯಂಡ್ ಲೈಸೆನ್ಸ್ ಕರಾರು (ಮುಂಬೈಯಲ್ಲಿ ಮನೆ ಬಾಡಿಗೆಗೆ ರೂಢಿಯಲ್ಲಿರುವ ಕರಾರು) ಎಷ್ಟೇ ತಿಂಗಳದ್ದಿರಲಿ, ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಹೊಣೆ ಮಾಲೀಕರದ್ದು. ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನೋಂದಾಯಿತ ಕರಾರಿಲ್ಲದೆ ತಕರಾರು ಎದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತೇ ನಡೆಯುತ್ತದೆ. ಏಜೆಂಟರು ಇದನ್ನು ಮಾಲೀಕರಿಗೆ ಹೇಳಿರಲಾರರು. ನೀವೇ ಹೇಳಿ, ಒಪ್ಪುತ್ತಾರೆ.

ಖರ್ಚೂ ದೊಡ್ಡದಲ್ಲ. ಹನ್ನೊಂದು ತಿಂಗಳ ಬಾಡಿಗೆ 3,08,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ 10ರಂತೆ ಲೆಕ್ಕಕ್ಕಷ್ಟೇ ಹಿಡಿಯುವ ಬಡ್ಡಿ, ಹನ್ನೊಂದು ತಿಂಗಳಿಗೆ 9,167. ಒಟ್ಟು 3,17,167ಕ್ಕೆ ಶೇ 0.25ರಂತೆ ಮುದ್ರಾಂಕ ಸುಮಾರು 800 ರೂಪಾಯಿ, ನೋಂದಣಿ ಶುಲ್ಕ 1,000. ಏಜೆಂಟರ ಸೇವಾಶುಲ್ಕ ಬೇರೆ, ಅದನ್ನು ಮೊದಲೇ ಚೌಕಾಸಿ ಮಾಡಿ. ಕೆಲಸ ಆನ್‌ಲೈನ್‌ನಲ್ಲಿ ಆಗುತ್ತದೆ. ಇಬ್ಬರು ಸಾಕ್ಷಿಗಳು ಬೇಕು, ಹೆಬ್ಬೆಟ್ಟಿನ ಯಂತ್ರ ಮನೆಗೇ ತರುತ್ತಾರೆ. ಎಡವಟ್ಟಾಗುವುದು ಅಲ್ಲೇ: ವಯಸ್ಸಾದವರ ಬೆರಳಚ್ಚು ಕೆಲವೊಮ್ಮೆ ಆಧಾರ್‌ಗೆ ಹೊಂದುವುದಿಲ್ಲ. ಮಾಲೀಕರು ಹಿರಿಯರಾದರೆ ಅವರ ಆಧಾರ್ ಬಯೋಮೆಟ್ರಿಕ್ ಮೊದಲೇ ನವೀಕರಿಸಿಕೊಳ್ಳಲು ಹೇಳಿ.

ಇನ್ನು ಹೆವಿ ಡಿಪಾಸಿಟ್. ವರ್ಷಕ್ಕೆ 3,36,000 ಬಾಡಿಗೆಯನ್ನು 20 ಲಕ್ಷಕ್ಕೆ ಬಿಟ್ಟುಕೊಡುವ ಮಾಲೀಕರು ನಿಮ್ಮಿಂದ ಶೇ 16.8ರ ಬಡ್ಡಿಗೆ ಸಾಲ ಪಡೆದಂತಾಯಿತು. ಮನೆಯಿದ್ದೂ ಬ್ಯಾಂಕಿಗೆ ಹೋಗದೆ ಇಷ್ಟು ದುಬಾರಿ ಸಾಲ ಯಾಕೆ? ಆ ಮನೆ ಆಗಲೇ ಅಡವಿನಲ್ಲಿರಬಹುದು. ಕಂತು ತಪ್ಪಿ ಬ್ಯಾಂಕು ಮನೆ ವಶಪಡಿಸಿಕೊಂಡರೆ, ಅಡವಿನ ನಂತರ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾಡಿಕೊಂಡ ಕರಾರು ನಿಮ್ಮನ್ನು ಕಾಯುವುದಿಲ್ಲ. ನಿಮ್ಮ 20 ಲಕ್ಷಕ್ಕೆ ಯಾವ ಆಧಾರವೂ ಇರುವುದಿಲ್ಲ. ಜೊತೆಗೆ ಬಾಡಿಗೆಯೇ ಇಲ್ಲದಿದ್ದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಮೇಲಿನ ತೆರಿಗೆ ವಿನಾಯಿತಿಯೂ ಇಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಆದರೂ ಆಸೆಯಿದ್ದರೆ ಕಟ್ಟಡದ ಹೌಸಿಂಗ್ ಸೊಸೈಟಿ ಕಾರ್ಯದರ್ಶಿಯನ್ನು ಕಂಡು, ಆ ಫ್ಲ್ಯಾಟಿನ ಮೇಲೆ ಬ್ಯಾಂಕಿನ ಹಕ್ಕು ದಾಖಲಾಗಿದೆಯೇ, ಮೇಂಟೆನೆನ್ಸ್ ಬಾಕಿಯಿದೆಯೇ ಕೇಳಿ. ಅಡವುಗಳು ದಾಖಲಾಗುವ ಕೇಂದ್ರೀಯ ನೋಂದಣಿ ವ್ಯವಸ್ಥೆಯಾದ ಸೆರ್ಸಾಯಿ (CERSAI) ಪೋರ್ಟಲ್‌ನಲ್ಲಿ ಅಡವು ಹುಡುಕಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ, ಪೂರ್ತಿ ಮೊತ್ತ ಕರಾರಿನಲ್ಲಿ ಬರಲಿ. ಅರ್ಧ ನಗದಾಗಿ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

ನನ್ನ ಮಟ್ಟಿಗೆ, ತಿಂಗಳ ಬಾಡಿಗೆಯ ದಾರಿಯೇ ಸರಿ. ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟಿದ್ದಕ್ಕೆ ಸೊಸೈಟಿ ನಾನ್-ಆಕ್ಯುಪೆನ್ಸಿ ಶುಲ್ಕ ಹಾಕಿದರೆ ಅದು ಸೊಸೈಟಿಯ ಸೇವಾಶುಲ್ಕದ ಶೇ 10 ಮೀರುವಂತಿಲ್ಲ. ಅದು ಮಾಲೀಕರ ಬಾಬ್ತು ಎಂದು ಕರಾರಿನಲ್ಲೇ ಬರೆಸಿಬಿಡಿ.